ಟಿವಿಯಲ್ಲಿ ಚಂದ ಇದ್ದ ಆಟ ಅಂಗೈಗೆ ಬಂದಾಗ ಯಾಕೆ ಕೆಡುತ್ತೆ? (ಸೋನಿಕ್, ಕ್ಯಾಸಲ್ವೇನಿಯಾ, ಡಾಂಕಿ ಕಾಂಗ್ ಎಲ್ಲ ಸೇರಿ)

ಪಿಕ್ಸೆಲ್ ಭಟ್ಟ, ಸಾಗರ

ನಿಂಟೆಂಡೋದ ಕೈಮಶೀನ್ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ 'ಸೋನಿಕ್ ದಿ ಹೆಜ್‌ಹಾಗ್ ಜೆನೆಸಿಸ್' ಆಡಿದವರು ಇಲ್ಲಿ ಯಾರಾದ್ರೂ ಇದ್ದೀರಾ? 2006ರಲ್ಲಿ ಸೆಗಾ ಕಂಪನಿಯ ನೀಲಿ ಮುಳ್ಳುಹಂದಿ ಸೋನಿಕ್‌ಗೆ 15 ವರ್ಷ ತುಂಬಿತು ಅಂತ ಬಿಟ್ಟದ್ದು. 1991ರ ಮೊದಲ ಆಟವನ್ನೇ ಅಂಗೈಗೆ ತಂದದ್ದು ಅನ್ನೋದು ಲೆಕ್ಕ.

ಹಳೇ ಆಟ ಓಡಿಸೋ ಒಂದು ಚೀನಾ ಹ್ಯಾಂಡ್‌ಹೆಲ್ಡ್ ತರಿಸಿದ್ದೇನೆ. ಅದರಲ್ಲಿ ಮೊನ್ನೆ ಇದನ್ನು ಹಾಕಿ ನೋಡಿದೆ. ಅಯ್ಯೋ ಮಾರಾಯ್ರೆ! ಗ್ರೀನ್ ಹಿಲ್ ಅನ್ನೋ ಮೊದಲ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೇ ಆಟ ತೆವಳೋಕೆ ಶುರು ಮಾಡುತ್ತೆ. ಏಟು ತಿಂದು ಉಂಗುರ (ಇದು ಕೈಯಲ್ಲಿದ್ರೆ ಏಟಿಗೆ ಜೀವ ಹೋಗಲ್ಲ) ಚೆಲ್ಲಿದರಂತೂ ಮುಗೀತು, ಎಲ್ಲ ನಿಂತು ನಿಂತು ಹೋಗುತ್ತೆ. ಹಾರಿದರೆ ಸೋನಿಕ್ ತೂಕವೇ ಬೇರೆ. ಹಾಡು ಕೇಳಿದ್ರೆ ಯಾರೋ ಹಾರ್ಮೋನಿಯಂ ಕಲೀತಿದ್ದಾರೆ ಅನ್ನಿಸುತ್ತೆ.

ಆಗಿನ ಕೈಮಶೀನಿಗೆ ತಾಕತ್ತು ಸಾಲುತ್ತಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ನಾನು ದೂರೋದು ಪರದೆಯನ್ನು. ಲೆಕ್ಕ ನೋಡಿ. ಟಿವಿಗೆ ಹಚ್ಚುವ ಮೆಗಾ ಡ್ರೈವ್‌ನಲ್ಲಿ ಸೋನಿಕ್ ಚಿತ್ರ 320×224 ಪಿಕ್ಸೆಲ್. ಅಡ್ವಾನ್ಸ್ ಪರದೆ 240×160. ಇವರು ಚಿತ್ರ ಕುಗ್ಗಿಸಲಿಲ್ಲ, ಸುತ್ತ ಕತ್ತರಿಸಿ ನಡುವಿನದ್ದನ್ನು ಮಾತ್ರ ತೋರಿಸಿದರು. ಹತ್ತಿರ ಹತ್ತಿರ ಅರ್ಧ ಚಿತ್ರ ಹೋಯ್ತು.

ಸೋನಿಕ್ ಸಮತಟ್ಟು ನೆಲದಲ್ಲಿ ಜೋರಾಗಿ ಓಡಿದರೆ ಒಂದು ಫ್ರೇಮಿಗೆ (ಪರದೆಯ ಚಿತ್ರ ಒಮ್ಮೆ ಬದಲಾಗೋದ್ರೊಳಗೆ) ಸುಮಾರು 6 ಪಿಕ್ಸೆಲ್ ದಾಟುತ್ತಾನೆ. ಸೆಕೆಂಡಿಗೆ 60 ಫ್ರೇಮ್, ಅಂದ್ರೆ 360 ಪಿಕ್ಸೆಲ್. ಟಿವಿಯಲ್ಲಿ ಅವನು ನಡುಮಧ್ಯೆ ಇದ್ದರೆ ಮುಂದೆ 160 ಪಿಕ್ಸೆಲ್ ಕಾಣುತ್ತೆ. ಮುಳ್ಳು ಕಂಡ ಮೇಲೆ ಹಾರೋಕೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಮ್ಮಿ ಸಮಯ. ಅಡ್ವಾನ್ಸ್‌ನಲ್ಲಿ ಮುಂದೆ 120 ಪಿಕ್ಸೆಲ್ ಅಷ್ಟೇ. ಅಂದ್ರೆ ಮೂರನೇ ಒಂದು ಸೆಕೆಂಡ್. ಕಣ್ಣಿಗೆ ಕಂಡು ಬೆರಳಿಗೆ ಸುದ್ದಿ ಮುಟ್ಟೋದ್ರೊಳಗೆ ಢಿಕ್ಕಿ.

ನಿಮಗೆಲ್ಲ ಏನನ್ನಿಸುತ್ತೆ?

ಬಿಎಚ್ ರೋಡ್, ಶಿವಮೊಗ್ಗ

ಭಟ್ರೇ, ಲೆಕ್ಕ ಚೆನ್ನಾಗಿದೆ. ಆದ್ರೆ ಇದು ಕುಣಿಯಲಾರದವಳು ನೆಲ ಡೊಂಕು ಅಂದ ಕಥೆ.

ಅದೇ ಅಡ್ವಾನ್ಸ್‌ನಲ್ಲಿ, ಅದೇ 240×160ರಲ್ಲಿ, 2001ರ ಕೊನೆಗೆ 'ಸೋನಿಕ್ ಅಡ್ವಾನ್ಸ್' ಬಂದಿತ್ತು. ಆಡಿದ್ದೀರಾ? ಬೆಣ್ಣೆ ಹಾಗೆ ಜಾರುತ್ತೆ. ಐದು ವರ್ಷ ಮೊದಲೇ ಬಂದ ಆಟ ಅದು. ಪರದೆ ತಪ್ಪಾಗಿದ್ರೆ ಅದೂ ಕೆಡಬೇಕಿತ್ತಲ್ವಾ?

ಇನ್ನೊಂದು ವಿಷಯ. ಸೈಮನ್ ಥಾಮ್ಲಿ ಅಂತ ಒಬ್ಬ ಅಭಿಮಾನಿ ಪ್ರೋಗ್ರಾಮರ್ 2008ರಲ್ಲಿ ತಾನೇ ಕೂತು ಮೊದಲ ಸೋನಿಕ್ ಅನ್ನು ಅಡ್ವಾನ್ಸ್‌ನಲ್ಲಿ ಓಡಿಸಿ ತೋರಿಸಿದರು. ಪೂರ್ತಿ ಆಟ ಅಲ್ಲ, ಒಂದು ನಮೂನೆ. ಆದ್ರೆ ಎಲ್ಲೂ ತೆವಳಲ್ಲ. ಈ ಮಶೀನಿಗೆ ಇದು ಆಗುತ್ತೆ ಅಂತ ತೋರಿಸೋಕೇ ಮಾಡಿದ್ದು. ಅದೇ ಮನುಷ್ಯ ಮುಂದೆ 2017ರ 'ಸೋನಿಕ್ ಮೇನಿಯಾ' ತಂಡದಲ್ಲಿ ಇದ್ದರು. ಹಾಗಾಗಿ ಪರದೆ ಬೈಬೇಡಿ. ಅರ್ಜೆಂಟಲ್ಲಿ ಕೆಲಸ ಮುಗಿಸಿ ಕೈ ತೊಳೆದುಕೊಂಡ ಹಾಗೆ ಕಾಣುತ್ತೆ ನನಗೆ.

ತೀರ್ಥಳ್ಳಿ ಮಳೆ

ಗೇಮ್ ಗೇರ್. ಸೋನಿಕ್ 2. ಮೊದಲನೇ ಬಾಸ್.

ನಾನು ಇಷ್ಟೇ ಹೇಳೋದು.

ಕೊನೆಗೌಡ, ಹೊಸನಗರ

ಇಷ್ಟೇ ಹೇಳಿದ್ರೆ ನಮಗೆ ಎಂತ ಗೊತ್ತಾಗುತ್ತೆ? ನಮ್ಮ ಕಡೆ ಇದ್ದದ್ದು ಟಿವಿ ಗೇಮಿನ ಕಾಂಟ್ರಾ, ಆಮೇಲೆ ಕಂಪ್ಯೂಟರ್ ಕ್ಲಾಸಿನ ಡೇವ್. ಬಿಡಿಸಿ ಹೇಳಿ.

ತೀರ್ಥಳ್ಳಿ ಮಳೆ

ಸರಿ, ಕೇಳಿ.

ನಮ್ಮ ಮಾವ ದುಬೈಯಿಂದ ಬರುವಾಗ ಗೇಮ್ ಗೇರ್ ತಂದಿದ್ರು, ಸೆಗಾದ ಕೈಮಶೀನ್. ಬಣ್ಣದ ಪರದೆ, ಹಿಂದೆ ಲೈಟು. ಕತ್ತಲಲ್ಲೂ ಕಾಣುತ್ತೆ. ಆಷಾಢದಲ್ಲಿ ಕರೆಂಟ್ ಹೋದ್ರೆ ನಾಲ್ಕು ದಿನಕ್ಕೆ ಬರ್ತಿದ್ದ ಕಾಲ ಅದು. (ಲಿಂಗನಮಕ್ಕಿ ಅಣೆಕಟ್ಟು ಜಿಲ್ಲೆಯಲ್ಲೇ ಇಟ್ಕೊಂಡು ನಾವು ಬುಡ್ಡಿದೀಪ ಹಚ್ಚಿದ್ದು ಬೇರೆ ಕಥೆ.) ಹಾಗಾಗಿ ನಮ್ಮನೆಯಲ್ಲಿ ಅದಕ್ಕೆ ರಾಜಮರ್ಯಾದೆ. ಕಾಟ ಏನಂದ್ರೆ ಆರು ಪೆನ್ ಸೆಲ್ ಬೇಕು. ಆರೂ ಹಾಕಿದ್ರೂ ಮೂರರಿಂದ ಐದು ಗಂಟೆ, ಅಷ್ಟೇ. ಗೇಮ್ ಬಾಯ್ (ಅಡ್ವಾನ್ಸ್ ಬರೋಕೆ ಮೊದಲಿನ ಹಳೇದು) ಇದ್ದವರು ನಾಲ್ಕೇ ಸೆಲ್ಲಿನಲ್ಲಿ 15 ಗಂಟೆ ದಾಟಿಸ್ತಿದ್ರು. ನಾನು ಅಜ್ಜನ ಗೋಡೆ ಗಡಿಯಾರದ ಸೆಲ್ಲನ್ನೂ ಬಿಡಲಿಲ್ಲ. ಗಡಿಯಾರ ನಿಂತು ಅವರಿಗೆ ಬೆಳಗಿನ ಬಸ್ ತಪ್ಪಿ, ಆಮೇಲೆ ನಡೆದದ್ದನ್ನು ಬರೆಯೋದು ಬೇಡ.

ಈಗ ಬಾಸ್ ವಿಷಯ, ಅಂದ್ರೆ ಒಂದು ಭಾಗದ ಕೊನೆಗೆ ಬರೋ ದೊಡ್ಡ ವೈರಿ. ಮೊದಲನೇ ಝೋನಿನ (ಆಟದ ಒಂದು ಭಾಗ) ಮೂರನೇ ಆಕ್ಟ್ (ಅದರೊಳಗಿನ ಹಂತ). ಒಂದು ಇಳಿಜಾರು. ಅದರ ಬುಡದಲ್ಲಿ ಇಕ್ಕಳದಂಥ ಬಾಯಿ ತೆರೆದು ಕೂತ ಯಂತ್ರ. ಗುಂಡುಗಳು ಪುಟಿಯುತ್ತಾ ಬರುತ್ತವೆ. ನೀವು ತಪ್ಪಿಸಿಕೊಳ್ಳಬೇಕು, ಆ ಗುಂಡೇ ಹೋಗಿ ಯಂತ್ರಕ್ಕೆ ಬಡಿಯಬೇಕು. ಕೇಳೋಕೆ ಸುಲಭ. ಆದ್ರೆ ಗುಂಡು ಪರದೆಯೊಳಗೆ ಬಂದದ್ದೇ ನಿಮ್ಮ ತಲೆ ಮೇಲೆ. ಜೊತೆಗೆ ಇಳಿಜಾರು ಕಾಲು ಜಾರಿಸ್ತಾ ಇರುತ್ತೆ. ಇಡೀ ಆಕ್ಟ್‌ನಲ್ಲಿ ಒಂದೇ ಒಂದು ಉಂಗುರ ಇಟ್ಟಿಲ್ಲ, ಹಾಗಾಗಿ ಒಂದು ಏಟು ಬಿದ್ರೆ ಜೀವ ಹೋಯ್ತು. ಇದು ಆಟದ ಕೊನೆ ಬಾಸ್ ಅಲ್ಲ, ಮೊದಲನೆಯದ್ದು! ನಮ್ಮ ಮನೆಯಲ್ಲಿ ಎಷ್ಟೋ ಕಾಲ ಸೋನಿಕ್ 2 ಅಂದ್ರೆ ಒಂದೇ ಝೋನಿನ ಆಟ.

ಪಿಕ್ಸೆಲ್ ಭಟ್ಟ, ಸಾಗರ

ತೀರ್ಥಳ್ಳಿಯವರೇ, ನೀವು ನನ್ನ ಕೇಸಿಗೆ ಸಾಕ್ಷಿ ಹೇಳಿದ್ರಿ, ಥ್ಯಾಂಕ್ಸ್.

ಇದೇ ಸೋನಿಕ್ 2 ಟಿವಿಗೆ ಹಚ್ಚುವ ಮಾಸ್ಟರ್ ಸಿಸ್ಟಮ್‌ಗೂ 1992ರಲ್ಲೇ ಬಂದಿತ್ತು. (ಟೇಲ್ಸ್ ಅನ್ನೋ ನರಿ ಜೊತೆಗೆ ಓಡೋ ಮೆಗಾ ಡ್ರೈವ್ ಸೋನಿಕ್ 2 ಬೇರೆ ಆಟ. ಹೆಸರು ಒಂದೇ ಅಂತ ಗೊಂದಲ ಬೇಡ.) ಗೇಮ್ ಗೇರ್ ಅಂದ್ರೆ ಒಳಗೆ ಹೆಚ್ಚುಕಮ್ಮಿ ಮಾಸ್ಟರ್ ಸಿಸ್ಟಮ್ಮೇ. ಅದೇ ಝಡ್80 ಪ್ರೊಸೆಸರ್. ಬಣ್ಣದ ವಿಷಯದಲ್ಲಿ ಗೇಮ್ ಗೇರ್ ಇನ್ನೂ ಮುಂದು. ಅದಕ್ಕೆ 4096 ಬಣ್ಣದಿಂದ ಆರಿಸಿಕೊಳ್ಳಬಹುದು, ಮಾಸ್ಟರ್ ಸಿಸ್ಟಮ್‌ಗೆ 64 ಅಷ್ಟೇ. ಎದ್ದು ಕಾಣುವ ವ್ಯತ್ಯಾಸ ಪರದೆ. ಅಲ್ಲಿ 256×192, ಇಲ್ಲಿ 160×144. ಅರ್ಧಕ್ಕಿಂತ ಕಮ್ಮಿ.

ಟಿವಿಯಲ್ಲಿ ಆ ಬಾಸ್ ಇಷ್ಟು ಕಾಟ ಕೊಡಲ್ಲ. ಗುಂಡು ದೂರದಿಂದಲೇ ಕಾಣುತ್ತೆ, ಅದರ ಪುಟಿತ ನೋಡಿಕೊಂಡು ಜಾಗ ಹಿಡಿಯಬಹುದು. ಮಶೀನ್ ಒಂದೇ, ಆಟ ಒಂದೇ. ಈಗ ಹೇಳಿ ಬಿಎಚ್ ರೋಡಣ್ಣ, ನೆಲ ಡೊಂಕೋ, ಅಲ್ವೋ?

ಬಿಎಚ್ ರೋಡ್, ಶಿವಮೊಗ್ಗ

ಈ ಒಂದರಲ್ಲಿ ನೆಲ ಡೊಂಕೇ. ಆದ್ರೆ ಡೊಂಕು ನೆಲ ಅಂತ ಗೊತ್ತಿದ್ದ ಮೇಲೆ ಕುಣಿತ ಬದಲಾಯಿಸಬೇಕಿತ್ತು. ಗುಂಡು ನಿಧಾನ ಮಾಡಬಹುದಿತ್ತು. ನಾಲ್ಕು ಉಂಗುರ ಇಟ್ಟಿದ್ರೂ ಸಾಕಿತ್ತು. ನೋಡಿಯೂ ಬಿಟ್ಟಿದ್ದಾರಲ್ಲ, ನನ್ನ ಸಿಟ್ಟು ಅದು.

ಹಲಸಿನ ಹಪ್ಪಳ, ಕೊಪ್ಪ

ನೀವು ಗಂಡಸರು ಬರೀ ಸೋನಿಕ್ ಹಿಡ್ಕೊಂಡು ಕೂತಿದ್ದೀರಿ. ನನ್ನ ಕಥೆ ಕೇಳಿ. 'ಕ್ಯಾಸಲ್ವೇನಿಯಾ: ದಿ ಅಡ್ವೆಂಚರ್', ಗೇಮ್ ಬಾಯ್, 1989.

ಚಾಟಿ ಹಿಡಿದು ರಾಕ್ಷಸರನ್ನು ಹೊಡೆಯೋ ಟಿವಿಯ ಕ್ಯಾಸಲ್ವೇನಿಯಾ ಆಡಿ ಹುಚ್ಚು ಹಿಡಿಸಿಕೊಂಡವಳು ನಾನು. ಇದನ್ನು ಹಾಕಿದೆ. ಹೀರೋ ಕ್ರಿಸ್ಟೋಫರ್ ಬೆಲ್ಮಾಂಟ್ ನಡೆಯೋಕೆ ಶುರು ಮಾಡಿದ. ಬಟನ್ ಕೆಟ್ಟಿದೆಯೇನೋ ಅನ್ನಿಸ್ತು. ಕೆಟ್ಟಿರಲಿಲ್ಲ, ಅವನು ನಡೆಯೋದೇ ಹಾಗೆ. ಕೆಸರುಗದ್ದೆಯಲ್ಲಿ ಕಾಲು ಕಿತ್ತಿಡೋ ಥರ.

ಟಿವಿ ಆಟದಲ್ಲಿ ಕೊಡಲಿ, ಕಠಾರಿ, ಪವಿತ್ರ ನೀರು ಅಂತ ಪಕ್ಕದ ಆಯುಧ ಇರ್ತಿತ್ತಲ್ಲ, ಇಲ್ಲಿ ಒಂದೂ ಇಲ್ಲ. ಮೆಟ್ಟಿಲ ಬದಲು ಹಗ್ಗ. ಚಾಟಿ ಒಂದೇ ಗತಿ. ಅದನ್ನು ಎರಡು ಹಂತ ಬೆಳೆಸಿದರೆ ತುದಿಯಿಂದ ಬೆಂಕಿ ಉಂಡೆ ಹಾರುತ್ತೆ. ಆಹಾ ಅಂದ್ಕೊಳ್ಳೋದ್ರೊಳಗೆ ಒಂದು ಏಟು ಬೀಳುತ್ತೆ, ಚಾಟಿ ಒಂದು ಹಂತ ಇಳಿಯುತ್ತೆ. ತಪ್ಪಿಸಿಕೊಳ್ಳೋಣ ಅಂದ್ರೆ ಪುಣ್ಯಾತ್ಮ ಓಡಲ್ಲವಲ್ಲ! ಏಟು ತಿಂದವನನ್ನೇ ಇನ್ನೂ ಬಡವ ಮಾಡೋ ಈ ಲೆಕ್ಕ ನನಗೆ ಯಾವತ್ತೂ ಸರಿ ಬರಲಿಲ್ಲ.

ಇರೋದು ನಾಲ್ಕೇ ಹಂತ. ಮೂರನೇದರಲ್ಲಿ ಮುಳ್ಳಿನ ಗೋಡೆ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತೆ. ಈ ನಡಿಗೆಯವನನ್ನು ಅಟ್ಟಿಸಿಕೊಂಡು! ಒಂದು ಹಾರಾಟ ಅಂಚು ತಪ್ಪಿದ್ರೆ ಕಥೆ ಮುಗೀತು.

ಭಟ್ರೇ, ನಿಮ್ಮ ಪರದೆ ಲೆಕ್ಕ ಇದಕ್ಕೆ ಹೊಂದಲ್ಲ. 1991ರಲ್ಲಿ ಅದೇ ಕಂಪನಿ ಅದೇ ಗೇಮ್ ಬಾಯ್‌ಗೆ 'ಬೆಲ್ಮಾಂಟ್ಸ್ ರಿವೆಂಜ್' ಮಾಡಿತು. ಅದೇ ಹೀರೋ, ಅದೇ 160×144. ಪಕ್ಕದ ಆಯುಧ ವಾಪಸ್ ಬಂತು, ಹಗ್ಗದಲ್ಲಿ ಸರ್ರನೆ ಜಾರಬಹುದು, ಮೊದಲ ನಾಲ್ಕು ಕೋಟೆಗಳನ್ನು ಬೇಕಾದ ಕ್ರಮದಲ್ಲಿ ಆಡಬಹುದು. ಅವನೇನೂ ಕುದುರೆ ಆಗಲಿಲ್ಲ, ಈಗಲೂ ನಿಧಾನವೇ. ಆದ್ರೆ ಹಂತಗಳನ್ನು ಅವನ ನಡಿಗೆಗೆ ತಕ್ಕ ಹಾಗೆ ಕಟ್ಟಿದ್ದಾರೆ. ಗೇಮ್ ಬಾಯ್‌ನ ಒಳ್ಳೇ ಆಟಗಳಲ್ಲಿ ಅದೂ ಒಂದು.

ಪಿಕ್ಸೆಲ್ ಭಟ್ಟ, ಸಾಗರ

ಅಕ್ಕಾ, ಆ ನಡಿಗೆಗೂ ಪರದೆಗೂ ಸಂಬಂಧ ಇದೆ ಅನ್ನೋದು ನನ್ನ ಗುಮಾನಿ. ಪಿಕ್ಸೆಲ್ ಲೆಕ್ಕ ಬಿಡಿ. ಮೊದಲ ಗೇಮ್ ಬಾಯ್ ಕೈಯಲ್ಲಿ ಹಿಡಿದವರಿಗೆ ಗೊತ್ತು, ಹಸಿರು ಪರದೆಯಲ್ಲಿ ಯಾವುದಾದ್ರೂ ಜೋರಾಗಿ ಸರಿದ್ರೆ ಹಿಂದೆ ನೆರಳು ಎಳೆಯುತ್ತೆ. ಎಲ್‌ಸಿಡಿ ಅಷ್ಟು ಬೇಗ ಬಣ್ಣ ಬದಲಿಸ್ತಿರಲಿಲ್ಲ. ಬಣ್ಣ ಅಂದ್ರೂ ನಾಲ್ಕೇ ಛಾಯೆ. 1989ರಲ್ಲಿ ಇನ್ನೂ ಯಾರಿಗೂ ಅದರ ಪಳಗು ಇರಲಿಲ್ಲ. ಹೆದರಿ ನಿಧಾನ ಮಾಡಿರಬಹುದು.

ಈಗಿನ ನಮ್ಮ ಚೀನಾ ಪೆಟ್ಟಿಗೆಯಲ್ಲಿ ಆ ನೆರಳು ಇಲ್ಲ. ಹಾಗಾಗಿ ನಿಧಾನ ಮಾತ್ರ ಉಳಿದು ಎದ್ದು ಕಾಣುತ್ತೆ.

ಹಲಸಿನ ಹಪ್ಪಳ, ಕೊಪ್ಪ

ಇರಬಹುದು. ಆದ್ರೆ ಅದೇ ವರ್ಷ ಅದೇ ಪರದೆಯಲ್ಲಿ 'ಸೂಪರ್ ಮಾರಿಯೋ ಲ್ಯಾಂಡ್' ಬಂತಲ್ಲ, ಅವನು ಓಡಲಿಲ್ವಾ?

ಬಿಎಚ್ ರೋಡ್, ಶಿವಮೊಗ್ಗ

ಮಾರಿಯೋ ಲ್ಯಾಂಡ್ ಹೆಸರು ತೆಗೀಬೇಡಿ ಅಕ್ಕ. ನನಗೆ ಅದೂ ನಿರಾಸೆ ಪಟ್ಟಿಯಲ್ಲೇ ಇದೆ. ಆಮೆ ತಲೆ ಮೇಲೆ ಹಾರಿದೆ. ಚಿಪ್ಪು ಒದ್ದು ಸಾಲಾಗಿ ನಾಲ್ಕು ಜನರನ್ನು ಬೀಳಿಸೋಣ ಅಂತ ಹತ್ತಿರ ಹೋದ್ರೆ ಢಂ ಅಂತ ಸಿಡೀತು. ಮಾರಿಯೋ ಆಟದಲ್ಲಿ ಆಮೆ ಬಾಂಬು! ಹೂವು ತಿಂದರೆ ಬೆಂಕಿ ಬರಲ್ಲ, ಪುಟಿಯೋ ಚೆಂಡು ಬರುತ್ತೆ. ನಡುವೆ ಒಂದು ಕಡೆ ಜಲಾಂತರ್ಗಾಮಿ, ಇನ್ನೊಂದು ಕಡೆ ವಿಮಾನ. ಎಲ್ಲ ಸೇರಿ 12 ಹಂತ. ಒಂದು ಗಂಟೆಯೊಳಗೆ ಮುಗಿಯುತ್ತೆ. ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿನಲ್ಲಿ ಹೋಗೋದ್ರೊಳಗೆ ಮುಗಿಸಬಹುದು.

ಪಿಕ್ಸೆಲ್ ಭಟ್ಟ, ಸಾಗರ

ಬಸ್ಸಿನಲ್ಲಿ ಮುಗಿದ್ರೆ ಅದು ಗುಣ ಕಣ್ರೀ, ದೋಷ ಅಲ್ಲ! ಬಸ್ಸಿಗೆ ಅಂತಲೇ ಮಾಡಿದ ಮಶೀನ್ ಅದು.

ಮಾರಿಯೋ ಲ್ಯಾಂಡ್ ಮಾಡಿದ್ದು ಮಾರಿಯೋನನ್ನು ಹುಟ್ಟಿಸಿದ ಮಿಯಾಮೊಟೊ ಅಲ್ಲ. ಗೇಮ್ ಬಾಯ್ ಮಶೀನನ್ನೇ ರೂಪಿಸಿದ ಗುನ್‌ಪೇ ಯೊಕೊಯಿ ಅವರ ತಂಡ. ಹಾಗಾಗಿ ಆ ಪರದೆಯಲ್ಲಿ ಏನು ಆಗುತ್ತೆ, ಏನು ಆಗಲ್ಲ ಅಂತ ಅವರಿಗೆ ಬೇರೆ ಯಾರಿಗಿಂತ ಜಾಸ್ತಿ ಗೊತ್ತಿತ್ತು. ಮಾರಿಯೋನನ್ನು ಇರುವೆಯಷ್ಟು ಮಾಡಿದ್ರು, ಯಾಕಂದ್ರೆ ಸುತ್ತ ಜಾಗ ಕಾಣಬೇಕು. ಹಿನ್ನೆಲೆ ಹೆಚ್ಚಿನ ಕಡೆ ಖಾಲಿ ಬಿಟ್ರು, ಯಾಕಂದ್ರೆ ನಾಲ್ಕು ಛಾಯೆಯಲ್ಲಿ ಹಿನ್ನೆಲೆ ತುಂಬಿದ್ರೆ ಹೀರೋನೇ ಕಾಣಲ್ಲ. ಅದು ಟಿವಿ ಮಾರಿಯೋ ಅಲ್ಲ, ಒಪ್ಪಿದೆ. ಆದ್ರೆ ಆಡೋಕೆ ಬರುತ್ತೆ.

ಕತ್ತರಿಸಿದ ಮಾರಿಯೋ ಹೇಗಿರುತ್ತೆ ಅಂತ ನೋಡಬೇಕಾ? 1999ರ 'ಸೂಪರ್ ಮಾರಿಯೋ ಬ್ರದರ್ಸ್ ಡೀಲಕ್ಸ್' ನೋಡಿ, ಗೇಮ್ ಬಾಯ್ ಕಲರ್‌ನದ್ದು. ಟಿವಿ ಆಟವನ್ನೇ ಇದ್ದ ಹಾಗೆ ತಂದ್ರು. ಪ್ರೀತಿಯಿಂದಲೇ ತಂದ್ರು, ಹೊಸ ಸವಾಲು ಎಲ್ಲ ಸೇರಿಸಿದ್ರು. ತೆವಳಲ್ಲ. ಶಬ್ದವೂ ಸರಿ ಇದೆ. ಹಾಗಾಗಿ ಅದನ್ನು ಯಾರೂ ಬೈಯಲ್ಲ. ಆದ್ರೂ 256×240ರ ಆಟವನ್ನು 160×144ರಲ್ಲಿ ಆಡೋದು ಅಂದ್ರೆ ಕಿಟಕಿ ಸಂದಿಯಲ್ಲಿ ಯಕ್ಷಗಾನ ನೋಡಿದ ಹಾಗೆ. ಭಾಗವತರ ದನಿ ಕೇಳುತ್ತೆ, ವೇಷ ಯಾವ ಕಡೆಯಿಂದ ಪ್ರವೇಶ ಆಗುತ್ತೋ ಗೊತ್ತಾಗಲ್ಲ. ಗುಂಡಿ ಹಾರೋ ಮುಂಚೆ ಆಚೆ ದಡ ಇದೆಯೋ ಇಲ್ವೋ ಅಂತ ನೆನಪಿಂದ ಹಾರಬೇಕು. ಟಿವಿಯಲ್ಲಿ ಆಡಿ ಬಾಯಿಪಾಠ ಆದವರಿಗೆ ತೊಂದರೆ ಇಲ್ಲ. ಹೊಸಬರಿಗೆ ಕಷ್ಟ.

ಕೊನೆಗೌಡ, ಹೊಸನಗರ

ಈಗ ಅರ್ಥ ಆಯ್ತು. ಹಾಗಾದ್ರೆ ನಮ್ಮ ಡೇವ್ ಈ ವಿಷಯದಲ್ಲಿ ಜಾಣ. ಅದರಲ್ಲಿ ಪರದೆ ನಿಮ್ಮ ಜೊತೆ ಓಡಲ್ಲ. ಅಂಚಿಗೆ ಹೋದಾಗ ಮಾತ್ರ ಸರಿದು ಮುಂದಿನ ಭಾಗ ತೋರಿಸುತ್ತೆ. ಎಲ್ಲ ನಿಂತು ನೋಡಿಕೊಂಡು, ಕಪ್ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ಪ್ಲಾನ್ ಮಾಡಿ ಹಾರೋದು. 'ಪ್ರಿನ್ಸ್ ಆಫ್ ಪರ್ಷಿಯಾ' ಕೂಡ ಹಾಗೇ, ಒಂದೊಂದೇ ಕೋಣೆ. ಅದರಲ್ಲಿ ಅವಸರ ಮಾಡೋದು ಆ 60 ನಿಮಿಷದ ಗಡಿಯಾರ ಮಾತ್ರ.

ಮತ್ತೆ ನೋಕಿಯಾದ ಬೌನ್ಸ್! ಕೆಂಪು ಚೆಂಡು. ಅದೂ ಹಾರೋ ಆಟವೇ ಅಲ್ವಾ? ಆ ಪರದೆ 128×128, ನಿಮ್ಮ ಗೇಮ್ ಬಾಯ್‌ಗಿಂತ ಸಣ್ಣದು. ಆದ್ರೂ ಯಾರೂ ಗೊಣಗಲಿಲ್ಲ. ಅಡಿಕೆ ಕೊಯ್ಲಿನ ಟೈಮಲ್ಲಿ ಚಪ್ಪರದ ಕೆಳಗೆ ಕೂತು ರಾತ್ರಿಯೆಲ್ಲ ಆಡಿದ್ದೇವೆ. ಸುಲಿಯೋರ ಸಾಲಿನಲ್ಲಿ ಒಂದೇ ಮೊಬೈಲ್, ಜೀವ ಹೋದ್ರೆ ಪಕ್ಕದವರಿಗೆ ದಾಟಿಸೋದು.

ಬಿಎಚ್ ರೋಡ್, ಶಿವಮೊಗ್ಗ

ಕೊನೆಗೌಡ್ರು ಒಂದೇ ಏಟಿಗೆ ಹೊಡೆದ್ರು. ಬೌನ್ಸ್ ಮೊಬೈಲಿಗೇ ಹುಟ್ಟಿದ್ದು. ಟಿವಿಯಿಂದ ಕಿತ್ತು ತಂದದ್ದಲ್ಲ.

ಪರದೆಗೆ ತಕ್ಕ ಹಾಗೆ ಕುಣಿತ ಬದಲಾಯಿಸಿದ ಆಟಕ್ಕೆ ನನ್ನ ಉದಾಹರಣೆ 1994ರ ಗೇಮ್ ಬಾಯ್ 'ಡಾಂಕಿ ಕಾಂಗ್'. ಶುರುವಿನಲ್ಲಿ ಹಳೇ ಆರ್ಕೇಡ್ (ಅಂಗಡಿಯಲ್ಲಿ ಕಾಸು ಹಾಕಿ ಆಡೋ ಮಶೀನ್) ಆಟದ ನಾಲ್ಕು ಹಂತ ಕೊಡ್ತಾರೆ. ಓ, ಇದು ಅದೇ ಅಂದ್ಕೊಳ್ತೀರಿ. ನಾಲ್ಕು ಮುಗಿದ ಮೇಲೆ ಕೋತಿ ಮತ್ತೆ ಎದ್ದು ಹುಡುಗಿಯನ್ನು ಎತ್ತಿಕೊಂಡು ಓಡುತ್ತೆ. ಆಮೇಲೆ 97 ಹೊಸ ಹಂತ! ಕೀಲಿ ಹುಡುಕಬೇಕು, ಅದನ್ನು ಹೊತ್ತು ಬಾಗಿಲಿಗೆ ತರಬೇಕು. ಮಾರಿಯೋ ಕೈ ಮೇಲೆ ನಿಲ್ಲುತ್ತಾನೆ, ಹಿಂದಕ್ಕೆ ಲಾಗ ಹಾಕುತ್ತಾನೆ. ಹಂತಗಳು ಸಣ್ಣವು, ಒಂದೊಂದೂ ಒಗಟು. ಬಸ್ ಸ್ಟಾಪ್ ಬಂದ್ರೆ ನಿಲ್ಲಿಸಬಹುದು. ನಿರಾಸೆಯ ಚರ್ಚೆಯಲ್ಲಿ ಹೊಗಳಿದ್ದಕ್ಕೆ ಕ್ಷಮಿಸಿ.

ಅದರ ಎದುರಿಗೆ ಮರು ವರ್ಷ, 1995ರಲ್ಲಿ, 'ಡಾಂಕಿ ಕಾಂಗ್ ಲ್ಯಾಂಡ್' ಬಂತು. ಟಿವಿಗೆ ಹಚ್ಚುವ ಸೂಪರ್ ನಿಂಟೆಂಡೋದ 'ಡಾಂಕಿ ಕಾಂಗ್ ಕಂಟ್ರಿ' ಚೆಂದ ಅಂತ ಊರೆಲ್ಲ ಮಾತಾಡ್ತಿತ್ತಲ್ಲ, ಕಂಪ್ಯೂಟರ್‌ನಲ್ಲಿ ಮಾಡಿದ 3ಡಿ ಗೊಂಬೆಗಳು, ಅದೇ ಥರದ ಚಿತ್ರವನ್ನು ನಾಲ್ಕು ಛಾಯೆಗೆ ಇಳಿಸಿದ್ರು. ಕೋತಿಯ ಮೈತುಂಬ ಚುಕ್ಕಿ, ಹಿಂದಿನ ಕಾಡಿನ ತುಂಬ ಚುಕ್ಕಿ. ಪರದೆ ಸರಿದಾಗ ನೆರಳು ಎಳೆದು ಎಲ್ಲ ಒಂದಾಗುತ್ತೆ. ನಿಂತರೆ ಕೋತಿ, ಓಡಿದರೆ ಹೊಗೆ. ನಿಂತ ಚಿತ್ರದಲ್ಲಿ ನೋಡಿದ್ರೆ ಮಾತ್ರ ಬಾಯಿ ಬಿಡಬೇಕು, ಅಷ್ಟು ಚಂದ.

ತೀರ್ಥಳ್ಳಿ ಮಳೆ

ಅದರಲ್ಲಿ ಸೇವ್ ಮಾಡೋ ರಗಳೆ ಮರೆತ್ರಾ? ಹಂತದಲ್ಲಿ ಅಡಗಿಸಿಟ್ಟ ಕೆ, ಒ, ಎನ್, ಜಿ ಅನ್ನೋ ನಾಲ್ಕೂ ಅಕ್ಷರ ಸಿಕ್ಕಿದ್ರೆ ಮಾತ್ರ ಸೇವ್. ಒಂದು ಬಿಟ್ರೂ ಇಲ್ಲ. ಸೆಲ್ಲಿನಲ್ಲಿ ಓಡೋ ಮಶೀನಿಗೆ ಇಂಥ ಶರತ್ತು ಹಾಕೋರು ಯಾರು ಮಾರಾಯ್ರೆ! ಸೆಲ್ ಮುಗೀತಾ ಬಂದು ಕೆಂಪು ದೀಪ ಮಂಕಾಗ್ತಾ ಇರುತ್ತೆ, ಮೂರು ಅಕ್ಷರ ಸಿಕ್ಕಿರುತ್ತೆ, ನಾಲ್ಕನೇದು ಯಾವ ಮರದ ಮೇಲೋ.

ಹಲಸಿನ ಹಪ್ಪಳ, ಕೊಪ್ಪ

ಶಬ್ದದ ಬಗ್ಗೆ ಯಾರೂ ಬರೀಲಿಲ್ಲ. ಗೇಮ್ ಬಾಯ್ 'ಮೆಗಾ ಮ್ಯಾನ್ 2' ಹಾಕಿ ಕೇಳಿ. ಟಿವಿಯ ಮೆಗಾ ಮ್ಯಾನ್ ಹಾಡು ಕೇಳಿದ್ರೆ ಮೈ ಝುಂ ಅನ್ನಿಸ್ತಿತ್ತು, ಇಲ್ಲಿಯ ಹಾಡೆಲ್ಲ ಕೀರಲು. ನಮ್ಮ ನಾಯಿ ಎದ್ದು ಹೋಯ್ತು. ನಿಜ ಹೇಳ್ತಿದ್ದೇನೆ.

ಅಡ್ವಾನ್ಸ್‌ಗೆ ಬಂದ 'ಮೆಗಾ ಮ್ಯಾನ್ ಅಂಡ್ ಬಾಸ್' ಭಟ್ರ ಪಟ್ಟಿಗೆ ಸೇರಿಸಬಹುದು. ಸೂಪರ್ ನಿಂಟೆಂಡೋದ ಜಪಾನಿ ರೂಪ ಸೂಪರ್ ಫ್ಯಾಮಿಕಾಮ್‌ನಲ್ಲೇ ಕಷ್ಟದ ಆಟ ಅದು. ಅದರ ಚಿತ್ರ ಕತ್ತರಿಸಿ ಕೊಟ್ಟ ಮೇಲೆ ಕೇಳಬೇಕಾ?

ಕೊನೆಗೌಡ, ಹೊಸನಗರ

ಜಗಳ ಸಾಕು. ನನ್ನ ಮಗಳಿಗೆ ಎಂಟು ವರ್ಷ. ಭಟ್ರ ಹತ್ರ ಇರೋ ಥರದ್ದೇ ಪೆಟ್ಟಿಗೆ ತರಿಸೋಣ ಅಂತಿದ್ದೇನೆ. ಮೊದಲು ಯಾವುದು ಕೊಡಲಿ?

ಪಿಕ್ಸೆಲ್ ಭಟ್ಟ, ಸಾಗರ

'ಕಿರ್ಬಿಸ್ ಡ್ರೀಮ್ ಲ್ಯಾಂಡ್', 1992. ಆಟಕ್ಕೆ ಹೊಸಬರಾದವರಿಗೆ ಅಂತಲೇ ಮಾಡಿದ್ದು. ಹಾರಿ ಗುಂಡಿಗೆ ಬೀಳೋ ಭಯ ಇದ್ರೆ ಗಾಳಿ ಎಳೆದುಕೊಂಡು ತೇಲಬಹುದು. ಅದು ಮುಗಿದ ಮೇಲೆ 1994ರ 'ವೇರಿಯೋ ಲ್ಯಾಂಡ್'. ಹೀರೋ ದಪ್ಪ, ಪರದೆ ತುಂಬ ಅವನೇ. ಆದ್ರೆ ಅವನು ಗುದ್ದಿಕೊಂಡು ನಿಧಾನ ಹೋಗೋನು, ಹಾಗಾಗಿ ಮುಂದೆ ದೂರ ಕಾಣದಿದ್ರೂ ಚಿಂತೆ ಇಲ್ಲ.

ಒಂದು ಸೆಟ್ಟಿಂಗ್ ಹೇಳಿಬಿಡ್ತೇನೆ. ಮೊದಲ ಅಡ್ವಾನ್ಸ್‌ಗೆ ಪರದೆಯಲ್ಲಿ ಲೈಟೇ ಇರಲಿಲ್ಲ. ಕಾಣಲಿ ಅಂತ ಎಷ್ಟೋ ಆಟಗಳಲ್ಲಿ ಬಣ್ಣವನ್ನೇ ತಿಳಿ ಮಾಡಿಬಿಟ್ಟಿದ್ದರು. 'ಸೂಪರ್ ಮಾರಿಯೋ ವರ್ಲ್ಡ್' ಅಡ್ವಾನ್ಸ್‌ಗೆ ಬಂದಾಗ ಹಾಗೇ ಆಯ್ತು. ಈಗಿನ ಹೊಳೆಯೋ ಪರದೆಯಲ್ಲಿ ಅದು ತೊಳೆದು ತೊಳೆದು ಮಾಸಿದ ಬಟ್ಟೆ ಥರ ಕಾಣುತ್ತೆ. ಆಟ ಕೆಟ್ಟದ್ದು ಅಂದ್ಕೊಳ್ಳಬೇಡಿ. ಸೆಟ್ಟಿಂಗ್‌ನಲ್ಲಿ 'ಕಲರ್ ಕರೆಕ್ಷನ್' ಇರುತ್ತೆ, ಆನ್ ಮಾಡಿ. ಚಿತ್ರ ಎಳೆದು ಪರದೆ ತುಂಬಿಸೋ ಆಯ್ಕೆ ಆಫ್ ಮಾಡಿ. ಪರದೆ 640×480 ಇದ್ರೆ ಗೇಮ್ ಬಾಯ್ ಚಿತ್ರ ಸರಿಯಾಗಿ ಮೂರು ಪಟ್ಟು ಕೂರುತ್ತೆ, ಸುತ್ತ ಸ್ವಲ್ಪ ಕಪ್ಪು ಉಳಿಯುತ್ತೆ. ಉಳೀಲಿ ಬಿಡಿ.

ತೀರ್ಥಳ್ಳಿ ಮಳೆ

ಭಟ್ರೇ, ನನ್ನ ಗೇಮ್ ಗೇರ್ ಅಟ್ಟದಲ್ಲಿ ಸಿಕ್ತು. ಸೆಲ್ ಹಾಕೋ ಜಾಗದಲ್ಲಿ ಬಿಳಿ ಉಪ್ಪು ಹಿಡಿದಿದೆ. ಆನ್ ಆಗುತ್ತೆ, ಆದ್ರೆ ಶಬ್ದ ಇಲ್ಲ, ಚಿತ್ರ ತೀರ ಮಂಕು. ಉಳಿಸಬಹುದಾ?

ಬಿಎಚ್ ರೋಡ್, ಶಿವಮೊಗ್ಗ

ಉಳಿಸಬಹುದು. ಬಿಳಿ ಉಪ್ಪಿಗೆ ಹತ್ತಿಯಲ್ಲಿ ಸ್ವಲ್ಪ ವಿನೆಗರ್ ಅದ್ದಿ ಒರೆಸಿ, ಆಮೇಲೆ ಪೂರ್ತಿ ಒಣಗಿಸಿ. ಈ ಹವಾಮಾನದಲ್ಲಿ ಒಂದು ದಿನ ಒಲೆ ಹತ್ರ ಇಟ್ರೂ ತಪ್ಪಿಲ್ಲ, ತೀರ ಹತ್ರ ಬೇಡ. ಶಬ್ದ ಇಲ್ಲ, ಚಿತ್ರ ಮಂಕು ಅಂದ್ರೆ ಒಳಗಿನ ಕೆಪಾಸಿಟರ್ ಸೋರಿರುತ್ತೆ. ಗೇಮ್ ಗೇರ್‌ಗೆ ಇದು ಮಾಮೂಲಿ ಕಾಯಿಲೆ. ಬೆಸುಗೆ ಹಾಕೋ ಕೈ ನಿಮ್ಮದಲ್ಲದಿದ್ರೆ ಹಳೇ ಟಿವಿ ರಿಪೇರಿಯವರ ಹತ್ರ ಕೊಡಿ, ಬೋರ್ಡಿನಲ್ಲಿರೋ ಎಲ್ಲ ಕೆಪಾಸಿಟರನ್ನೂ ಒಟ್ಟಿಗೇ ಬದಲಾಯಿಸೋಕೆ ಹೇಳಿ. ಒಂದೊಂದೇ ಹಾಕಿಸಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಬರಬೇಕಾಗುತ್ತೆ.

ತೀರ್ಥಳ್ಳಿ ಮಳೆ

ಶನಿವಾರ ಶಿವಮೊಗ್ಗಕ್ಕೆ ಬರ್ತೇನೆ. ಗಾಂಧಿ ಬಜಾರ್ ಕಡೆ ಯಾರಾದ್ರೂ ಗೊತ್ತಿದ್ರೆ ಹೇಳಿ. ಅಜ್ಜನಿಗೆ ಎರಡು ಸೆಲ್ಲೂ ತರಬೇಕು.